ಗುರುಬಾಯಿಯ ತೋರುಬೆರಳು

ಸನತ್‌ನಗರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಗುರುಬಾಯಿಯ ಬಲಗೈ ತೋರುಬೆರಳಿಗೆ ಹೆದರದ ಕೂಸು ಒಂದೂ ಇರಲಿಲ್ಲ. ಕೂಸೇಕೆ, ಮೀಸೆ ಹೊತ್ತ ಗಂಡಸರೂ ಆ ಬೆರಳು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನೆಗಡಿಯಾಗಿ ಗಂಟಲು ಕಟ್ಟಿ, ಉಗುಳು ನುಂಗಿದರೆ ಮುಳ್ಳು ನುಂಗಿದಂತಾಗುತ್ತದೆ ಎಂದು ಯಾರಾದರೂ ಅಂದರೆ, ಆ ಸಾಲುಮನೆಗಳಲ್ಲಿ ಡಾಕ್ಟರ ಹೆಸರು ಎತ್ತುವವರೇ ಇರಲಿಲ್ಲ. "ಕಿರುನಾಲಿಗಿ ಬಿದ್ದೈತಿ, ಗುರುಬಾಯಿ ಕಡೆ ನಡಿ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದರು.

ಅವಳು ಮಾಡುವುದು ವೈದ್ಯವೋ ಹೊಡೆದಾಟವೋ ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಕೂಸನ್ನು ತೊಡೆಯ ಮೇಲೆ ಕೆಡವಿ ಅದರ ಕಾಲುಗಳನ್ನು ತನ್ನ ಮೊಣಕಾಲ ಸಂದಿಯಲ್ಲಿ ಇರುಕಿಸಿಕೊಳ್ಳುವಳು. ಕೈ ಹಿಡಿಯುವ ಕೆಲಸ ತಾಯಿಯದು. ಹುರಿದ ಉಪ್ಪು, ಅರಿಶಿನ ಮೆತ್ತಿದ ಬೆರಳು ಎರಡನೇ ಗೆಣ್ಣಿನ ತನಕ ಗಂಟಲಿಗೆ ಇಳಿಯುವುದು. ಎಡಕ್ಕೊಂದು ಒತ್ತು, ಬಲಕ್ಕೊಂದು ಒತ್ತು, ನಡುವೆ ಮೇಲಕ್ಕೊಂದು. ಕೂಸು ಒದ್ದು, ಕಚ್ಚಿ, ಕಣ್ಣು ಮೇಲೆ ಮಾಡಿ, ಕಡೆಗೆ ಕಫವನ್ನೂ ಒಂದೆಳೆ ರಕ್ತವನ್ನೂ ಅವಳ ಸೀರೆಯ ಮೇಲೆಯೇ ಕಾರುವುದು. ಈಗಿನವರು ನೋಡಿದರೆ ಪೊಲೀಸರನ್ನು ಕರೆದಾರು. ಆಗ ತಾಯಂದಿರು ಬಾಗಿಲ ಮುಂದೆ ಸಾಲು ಹಚ್ಚಿ ನಿಲ್ಲುತ್ತಿದ್ದರು.

ಅಷ್ಟು ಜೋರಿನ ಬೇನೆ ಇಲ್ಲದವರಿಗೆ ಬೆರಳಿನ ಶಿಕ್ಷೆ ಇರಲಿಲ್ಲ. ಬರೀ ನೆಗಡಿಯವರಿಗೆ ಅಜವಾನವನ್ನು ಅರಿವೆಯಲ್ಲಿ ಕಟ್ಟಿ ಹಂಚಿನ ಮೇಲೆ ಕಾಯಿಸಿ ಎದೆಗೆ ಶಾಖ. ಎಳೆಗೂಸಿಗೆ ಔಡಲೆಣ್ಣೆ ಸವರಿದ ವೀಳ್ಯದೆಲೆಯನ್ನು ದೀಪಕ್ಕೆ ಹಿಡಿದು ಎದೆಯ ಮೇಲೆ ಹಾಕುವುದು. ಮೂಗು ಕಟ್ಟಿದವರಿಗೆ ಅರಿಶಿನದ ಕೊಂಬು ಸುಟ್ಟ ಹೊಗೆ. ಇದೆಲ್ಲದರ ಮೇಲೆ ಅವಳ ಕಷಾಯದ ಪುಡಿ: ಮೆಣಸು, ಒಣಶುಂಠಿ, ಹಿಪ್ಪಲಿ, ಜ್ಯೇಷ್ಠಮಧು, ಜೀರಿಗೆ, ಕೊತ್ತಂಬರಿ ಬೀಜ. ತಿಂಗಳಿಗೊಮ್ಮೆ ಬೇಗಂ ಬಜಾರಿಗೆ ಹೋಗಿ, ಹಿಪ್ಪಲಿಯನ್ನು ಒಂದೊಂದಾಗಿ ಮುರಿದು ಮೂಸಿ, ಅಂಗಡಿಯವನಿಂದ ನಾಲ್ಕು ಮಾತು ಅನ್ನಿಸಿಕೊಂಡು, ಅವನಿಗೆ ಎಂಟು ಅಂದು ತರುತ್ತಿದ್ದಳು. ಭಾನುವಾರ ಅದನ್ನು ಕುಟ್ಟುವ ಸದ್ದು ಕೇಳಿದರೆ ಇಡೀ ಸಾಲಿನವರು ಸೀನುತ್ತಿದ್ದರು.

ಆ ಕುಟ್ಟಾಣಿಗೂ ಒಂದು ಕಥೆ ಇತ್ತು. ಗುರುಬಾಯಿಯ ಗಂಡ ಮಲ್ಲಣ್ಣ ಕಾರ್ಖಾನೆಯ ಲೇಥಿನ ಮೇಲೆ ಕೆಲಸ ಮಾಡುವವನು. ಗುಜರಿಗೆ ಹೋಗಬೇಕಾಗಿದ್ದ ಕಬ್ಬಿಣದ ತುಂಡನ್ನು ಕೊರೆದು ಕುಟ್ಟಾಣಿ ಮಾಡಿದ, ಮೊಳದುದ್ದದ ರಾಡನ್ನು ನುಣ್ಣಗೆ ತಿರುವಿ ಅದಕ್ಕೆ ಜೋಡಿ ಮಾಡಿದ. ಅದು ಗೇಟಿನಾಚೆ ಹೋಗುವಾಗ ಆಕಾಶ ನೋಡುತ್ತ ನಿಂತವನು ಫೋರ್ಮನ್ ಅಮೃತಪ್ಪ. ಮಲ್ಲಣ್ಣ, ಅಮೃತಪ್ಪ ಇಬ್ಬರೂ ಚಿತ್ತಾಪುರ ಕಡೆಯ ಒಂದೇ ಊರಿನವರು, ಒಂದೇ ರೈಲಿನಲ್ಲಿ ಹೈದರಾಬಾದಿಗೆ ಬಂದವರು, ಎದುರುಬದುರು ಮನೆ. ಅಮೃತಪ್ಪನ ಕೈ ಮಾತ್ರ ಬಾಯಿಗಿಂತ ಮುಂದೆ. ಒಮ್ಮೆ ನಲ್ಲಿಯ ಹತ್ತಿರ ಸಾಲು ಮುರಿದವನ ಹಲ್ಲು ಉದುರಿಸಿ, ಆಮೇಲೆ ಅವನ ಬಿಂದಿಗೆಯನ್ನು ತಾನೇ ತುಂಬಿಸಿ ಮನೆಗೆ ಮುಟ್ಟಿಸಿ ಬಂದ ಮನುಷ್ಯ ಅವನು.

ಗುರುಬಾಯಿಗೆ ಈ ವಿದ್ಯೆ ಬಂದದ್ದು ಅತ್ತೆ ಶರಣಬಸಮ್ಮನಿಂದ. ತಪ್ಪು ಒತ್ತಿದರೆ ಹಿಟ್ಟಿನ ಕೈಯಿಂದಲೇ ಕೆನ್ನೆಗೆ ಬಾರಿಸಿ ಕಲಿಸಿದಾಕೆ. ಆಕೆಯ ಕಟ್ಟಳೆ ಎರಡು. ಗಂಟಲು ತೋರಿಸಲು ಬರುವವರು ಒಂದು ಹಿಡಿ ಹರಳುಪ್ಪು ತರಬೇಕು. ಅದರಲ್ಲಿ ಅರ್ಧ ಗುರುಬಾಯಿಯ ಮಡಕೆಗೆ, ಇನ್ನರ್ಧ ಅವರೇ ಬಾಯಿ ಮುಕ್ಕಳಿಸುವ ನೀರಿಗೆ. ಅದರ ಹೊರತು ಒಂದು ಎಲೆ ಅಡಿಕೆಯನ್ನೂ ಅವರಿಂದ ಮುಟ್ಟಬಾರದು. ಎರಡನೆಯದು, ಉಪ್ಪು ತಂದವರು ಎಂಥ ವೈರಿಯೇ ಆಗಿರಲಿ, ಬಾಗಿಲಿನಿಂದ ತಿರುಗಿಸಿ ಕಳಿಸಬಾರದು.

ಮೂರನೆಯ ಕಟ್ಟಳೆ ಗುರುಬಾಯಿ ತಾನೇ ಹಾಕಿಕೊಂಡದ್ದು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಊರಲ್ಲಿದ್ದಾಗ ಅವಳಿಗೊಬ್ಬ ಮೂರು ವರ್ಷದ ಮಗನಿದ್ದ. ಅವನಿಗೆ ಗಂಟಲುಬೇನೆ ಬಂತು. ಬಾಯಲ್ಲಿ ಕೆನೆಯಂಥ ಬಿಳಿ ಪೊರೆ ಕಟ್ಟಿತ್ತು, ಕೆಟ್ಟ ನಾತ ಹೊಡೆಯುತ್ತಿತ್ತು. ಶರಣಬಸಮ್ಮ ಯಾವತ್ತಿನಂತೆ ಬೆರಳು ಹಾಕಿದಳು, ಪೊರೆ ಕಿತ್ತು ಬಂತು, ರಕ್ತ ಉಕ್ಕಿತು, ಕೂಸು ಅಜ್ಜಿಯ ತೊಡೆಯ ಮೇಲೆಯೇ ಉಸಿರು ಬಿಟ್ಟಿತು. ಅದು ಗಂಟಲಮಾರಿ ಎಂದು ಆಮೇಲೆ ತಿಳಿದವರು ಹೇಳಿದರು. ಅವತ್ತು ಕೂಸಿನ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದವಳು ಗುರುಬಾಯಿ. ಅಂದಿನಿಂದ ಯಾರ ಬಾಯಿ ತೆರೆಸಿದರೂ ಮೊದಲು ಬೆಳಕಿಗೆ ಹಿಡಿದು ಆ ಪೊರೆ ಇದೆಯೇ ಎಂದು ನೋಡುವಳು. ಇಪ್ಪತ್ತು ವರ್ಷದಲ್ಲಿ ಅದು ಮತ್ತೆ ಕಣ್ಣಿಗೆ ಬಿದ್ದಿರಲಿಲ್ಲ.

ಎಪ್ಪತ್ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಕಾರ್ಖಾನೆಯಲ್ಲಿ ಮುಷ್ಕರ ಹೂಡಿದರು. ಮಲ್ಲಣ್ಣ ಸಂಘದ ಕಡೆ, ಅಮೃತಪ್ಪ ಮಾಲೀಕರ ಕಡೆ. ಹದಿನೇಳನೇ ದಿನ ಅಮೃತಪ್ಪ ಒಂದು ಲಾರಿ ತುಂಬ ಹೊಸ ಜನರನ್ನು ಕರೆತಂದು ಗೇಟು ತೆಗೆಸಿದ. ಮಲ್ಲಣ್ಣ ಲಾರಿಯ ಮುಂದೆ ಕೈ ಚಾಚಿ ನಿಂತ. ಕಲ್ಲು ತೂರಿದರು, ಲಾರಿಯ ಗಾಜು ಒಡೆಯಿತು, ಒಬ್ಬನ ಕಿವಿ ಹರಿಯಿತು. ಅಮೃತಪ್ಪ ಕೆಳಗಿಳಿದವನೇ ಕೈಯಲ್ಲಿದ್ದ ಪೈಪಿನಿಂದ ಮಲ್ಲಣ್ಣನ ಬಲಹೆಗಲಿಗೆ ಬೀಸಿದ. ಎಲುಬು ಮುರಿದ ಸದ್ದು ಗೇಟಿನಾಚೆಗೂ ಕೇಳಿಸಿತಂತೆ. ಒಂದೇ ಊರಿನ ನೀರು ಕುಡಿದವನೇ, ಬಿದ್ದವನ ಮೇಲೆ ಇನ್ನೊಂದು ಏಟು ಹಾಕಿದ. ಮುಷ್ಕರ ಅವತ್ತೇ ಮುರಿಯಿತು.

ಮೂರನೇ ದಿನ ಬೆಳಿಗ್ಗೆ ಅಮೃತಪ್ಪ ಗುರುಬಾಯಿಯ ಬಾಗಿಲಲ್ಲಿ ನಿಂತಿದ್ದ. ಗೇಟಿನಲ್ಲಿ ಕೂಗಾಡಿ ಅವನ ಗಂಟಲು ಪೂರ್ತಿ ಹೋಗಿತ್ತು. ಮಾತಾಡಲಾರದೆ ಮುಷ್ಟಿ ಬಿಚ್ಚಿ ತೋರಿಸಿದ. ಅದರಲ್ಲಿ ಉಪ್ಪಿತ್ತು.

ಒಳಗೆ ಚಾಪೆಯ ಮೇಲೆ ಹೆಗಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಮಲ್ಲಣ್ಣ ತಲೆ ಎತ್ತಿ, "ಇವನ್ನ ಒಳಗ ಕರದಿ ಅಂದ್ರ ನಾ ಈ ಮನಿಯಾಗ ಇರಂಗಿಲ್ಲ" ಎಂದ.

"ನೀ ಎದ್ದು ನಿಂತು ತೋರಸು, ಆಮ್ಯಾಲೆ ಹೋಗೂ ಮಾತು" ಎಂದಳು ಗುರುಬಾಯಿ. ಅಮೃತಪ್ಪನ ಕಡೆ ತಿರುಗಿ, "ಕುಂದ್ರು. ಬಾಯಿ ತಗಿ" ಎಂದಳು.

ಆವತ್ತು ಅವಳು ಒತ್ತಿದ ಒತ್ತು ವೈದ್ಯಕ್ಕೆ ಬೇಕಾದದ್ದಕ್ಕಿಂತ ಮೂರು ಪಟ್ಟು ಹೆಚ್ಚಿತ್ತು. ಆರಡಿಯ ಆಳು ಗೋಡೆಗೆ ತಲೆ ಬಡಿದುಕೊಂಡು, ಕಣ್ಣೀರು ಸುರಿಸಿ, ನೆಲದ ಮೇಲೆ ರಕ್ತ ಉಗುಳಿ ಕೂತುಬಿಟ್ಟ. ಮಲ್ಲಣ್ಣ ಚಾಪೆಯ ಮೇಲಿಂದ ಕಣ್ಣು ಕೀಳದೆ ನೋಡಿದ. ಕಷಾಯ ಕುಡಿಸಿ ಕಳಿಸಿದ ಮೇಲೆ ಗುರುಬಾಯಿ ಬೆರಳು ತೊಳೆದುಕೊಳ್ಳುತ್ತ, "ಬರೇ ಗಂಟಲಿಗಷ್ಟೇ ಒತ್ತಲಿಲ್ಲ ನಾ" ಎಂದಳು. ಮಲ್ಲಣ್ಣನಿಗೆ ಅವತ್ತು ಊಟ ಸೇರಿತು.

ಅದಾಗಿ ಒಂದು ವಾರಕ್ಕೆ ಅಮೃತಪ್ಪನ ಮಗಳು ಮಂದಾಕಿನಿ ಮಲಗಿದಳು. ಐದು ವರ್ಷದ ಹುಡುಗಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ, ಹರಕೆಯ ಮೇಲೆ ಹರಕೆ ಹೊತ್ತು ಹುಟ್ಟಿದ ಒಂದೇ ಕೂಸು. ಎರಡು ದಿನ ಮನೆಯಲ್ಲೇ ಕಷಾಯ, ಶಾಖ ಮಾಡಿ ನೋಡಿದರು. ಮೂರನೇ ಬೆಳಿಗ್ಗೆ, ಬಿಸಿಲು ಆಗಷ್ಟೇ ಹೊಸ್ತಿಲು ದಾಟುವ ಹೊತ್ತಿಗೆ, ಅಮೃತಪ್ಪ ಹುಡುಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಹಿಂದೆ ಅವನ ಹೆಂಡತಿ ಕಮಲಾಕ್ಷಿ. ಉಪ್ಪು ಅವನ ಬಲಮುಷ್ಟಿಯಲ್ಲಿತ್ತು.

ಗುರುಬಾಯಿ ಹುಡುಗಿಯನ್ನು ಬಾಗಿಲ ಬೆಳಕಿಗೆ ಕೂರಿಸಿ, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ನೋಡಿದಳು. ಹಳೆಯ ನಾತ ಮೂಗಿಗೆ ಬಡಿಯಿತು. ಗಂಟಲ ಎರಡೂ ಕಡೆ ಬೂದುಬಿಳಿ ಪೊರೆ ಹಬ್ಬಿತ್ತು. ಕತ್ತು ದವಡೆಯ ಸಮಕ್ಕೆ ಬಾತಿತ್ತು. ಉಸಿರು ಒಳಗೆ ಹೋಗುವಾಗ ಸೀಟಿ ಹೊಡೆದಂತೆ ಸದ್ದು. ಚಮಚ ಕೆಳಗಿಟ್ಟು ಹುಡುಗಿಯ ಬಾಯಿ ಮುಚ್ಚಿದಳು.

"ಇದಕ್ಕ ನಾ ಕೈ ಹಚ್ಚಂಗಿಲ್ಲ. ಈಗಿಂದೀಗ ನಲ್ಲಕುಂಟಾ ಜ್ವರದ ದವಾಖಾನಿಗೆ ಒಯ್ರಿ" ಎಂದಳು.

"ಯಾಕ?" ಎಂದ ಅಮೃತಪ್ಪ.

"ಇದು ಕಿರುನಾಲಿಗಿ ಅಲ್ಲ. ಗಂಟಲಮಾರಿ. ಈ ತೋರುಬಟ್ಟು ಹಾಕಿದ್ರ ಕೂಸು ಸಾಯ್ತೈತಿ."

"ಉಪ್ಪು ತಂದೀನಿ ನಾ."

"ಉಪ್ಪು ಅತ್ತ ಇಡು. ಕೂಸಿನ್ನ ಎತ್ತು, ಹೊತ್ತು ಮಾಡಬ್ಯಾಡ."

ಇಪ್ಪತ್ತು ವರ್ಷದಲ್ಲಿ ಗುರುಬಾಯಿ ಇಲ್ಲ ಅಂದದ್ದನ್ನು ಆ ಸಾಲಿನ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅಮೃತಪ್ಪ ಆ ಮಾತಿನ ಅರ್ಥ ಹುಡುಕುತ್ತಿದ್ದನೋ ಏನೋ. ಈಗ ಅವನಿಗೆ ಒಂದೇ ಅರ್ಥ ಹೊಳೆಯಿತು. ಹನ್ನೆರಡು ದಿನದ ಹಿಂದೆ ಗಂಡನ ಎಲುಬು ಮುರಿಸಿಕೊಂಡವಳು, ಇಂದು ಕೂಸಿಗೆ ಕೈ ಹಚ್ಚುವುದಿಲ್ಲ ಅನ್ನುತ್ತಾಳೆ. ಇದರಲ್ಲಿ ತಿಳಿಯದ್ದೇನಿದೆ ಎಂದುಕೊಂಡ.

"ನನ್ನ ಗಂಟಲಿಗೆ ಹಚ್ಚಿದಿ. ನನ್ನ ಕೂಸಿಗೆ ಯಾಕ ಹಚ್ಚಂಗಿಲ್ಲ? ಎಲ್ಲಿ ಬಡದ್ರ ನಾ ಸಾಯ್ತೀನಿ ಅಂತ ನಿನಗ ಗೊತ್ತೈತಿ."

"ಅಮೃತಪ್ಪ, ನನ್ನ ಮಗ ಹಿಂಗಽ ಸತ್ತಾನ. ಅವನ ಕೈ ಹಿಡಿದಾಕಿ ನಾ. ಕೇಳು ನನ್ನ ಮಾತು."

ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಚಾಪೆಯ ಮೇಲೆ ಹನ್ನೆರಡು ದಿನದಿಂದ ಹಲ್ಲು ಕಚ್ಚಿ ಮಲಗಿದ್ದ ಮಲ್ಲಣ್ಣನ ಬಾಯಿ ಸುಮ್ಮನಿರಲಿಲ್ಲ. "ಮಾಡಿದ್ದುಣ್ಣೋ ಮಹರಾಯ ಅಂತ ಹಿರ್ಯಾರು ಸುಮ್ನ ಹೇಳ್ಯಾರೇನು" ಎಂದುಬಿಟ್ಟ. ಐದು ವರ್ಷದ ಕೂಸಿನ ಮುಂದೆ ಆಡುವ ಮಾತೇ ಅದು? ಗುರುಬಾಯಿ ತಿರುಗಿ ಗಂಡನನ್ನು ಉರಿಗಣ್ಣಿನಿಂದ ನೋಡಿದಳು. ಆಡಿದ ಮಾತು ಆಗಲೇ ಆಡಿಯಾಗಿತ್ತು.

ಅಮೃತಪ್ಪನ ಮುಷ್ಟಿಯ ಉಪ್ಪು ನೆಲದ ಮೇಲೆ ಚೆಲ್ಲಿತು. ಅದೇ ಕೈ ಗುರುಬಾಯಿಯ ಕೆನ್ನೆಗೆ ಬಿತ್ತು. ಅವಳು ಬಾಗಿಲಿಗೆ ಬಡಿದು ಕುಸಿದಳು. ಅವನು ಅವಳ ಬಲಮಣಿಕಟ್ಟು ಹಿಡಿದು ಎಳೆದು, ಬೆರಳನ್ನು ಹುಡುಗಿಯ ಬಾಯಿಯ ಕಡೆ ಒಯ್ದ. ಗುರುಬಾಯಿ ಮುಷ್ಟಿ ಬಿಗಿದಳು. ಅವನು ಒಂದೊಂದೇ ಬೆರಳು ಬಿಡಿಸತೊಡಗಿದ. ಅವಳು ಅವನ ಕೈಯನ್ನು ಎಲುಬಿನ ತನಕ ಕಚ್ಚಿದಳು. ಹುಡುಗಿ ಅಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಕಮಲಾಕ್ಷಿ ಗಂಡನ ಅಂಗಿ ಹಿಡಿದು ಜಗ್ಗಿದಳು, ಅವನು ಮೊಣಕೈಯಿಂದ ತಿವಿದು ಅವಳನ್ನು ಅಂಗಳಕ್ಕೆ ಕೆಡವಿದ.

"ನನ್ನ ಕೂಸಿಗೆ ಬರಲಾರದ ಬಟ್ಟು ಯಾರಿಗೂ ಬ್ಯಾಡ" ಎಂದ.

ಮೂಲೆಯಲ್ಲಿ ಕುಟ್ಟಾಣಿ ಇತ್ತು. ಅವಳ ಬೆರಳನ್ನು ಅದರ ಅಂಚಿನ ಮೇಲೆ ಇಟ್ಟು, ಮಲ್ಲಣ್ಣ ನುಣ್ಣಗೆ ತಿರುವಿದ ರಾಡನ್ನು ಎತ್ತಿ ಕುಟ್ಟಿದ. ಒಂದಲ್ಲ, ಮೂರು ಸಲ. ಕೂಗಬೇಕೆಂದಿದ್ದ ಗುರುಬಾಯಿಗೆ ಉಸಿರೇ ಒದಗಲಿಲ್ಲ. ಮಲ್ಲಣ್ಣ ಒಂದೇ ಕೈಯೂರಿ ಎದ್ದವನು ಊಟದ ಮಣೆಯನ್ನು ಹಿಡಿದು ಅಮೃತಪ್ಪನ ತಲೆಯ ಹಿಂಬದಿಗೆ ಬೀಸಿದ. ಅಮೃತಪ್ಪ ಮಂಡಿಯ ಮೇಲೆ ಕುಸಿದ. ಅವನ ಕುತ್ತಿಗೆಯಿಂದ ಇಳಿದ ರಕ್ತ ನೆಲದ ಉಪ್ಪಿಗೆ ಹತ್ತಿತು.

ಆಗ ಹುಡುಗಿಯ ಉಸಿರಿನ ಸೀಟಿ ಕೇಳಿಸಿತು. ಅದು ಮೊದಲಿಗಿಂತ ಸಣ್ಣದಾಗಿತ್ತು. ತುಟಿ ನೀಲಿಗೆ ತಿರುಗಿತ್ತು.

ಗುರುಬಾಯಿ ಬೆರಳಿಗೆ ಸೆರಗು ಸುತ್ತಿಕೊಂಡಳು. ಎಡಗೈಯಿಂದ ಹುಡುಗಿಯನ್ನು ಬಾಚಿ ಎತ್ತಿಕೊಂಡು, ಅಂಗಳದಲ್ಲಿ ಬಿದ್ದಿದ್ದ ಕಮಲಾಕ್ಷಿಗೆ, "ಏಳು. ಆಮ್ಯಾಲೆ ಅಳೂಣಂತ" ಎಂದು ಓಡಿದಳು. ಅಲ್ಲೇ ಕುಳಿತು ತನ್ನ ಬೆರಳು ನೋಡಿಕೊಂಡು ಅತ್ತಿದ್ದರೂ ಅವಳನ್ನು ಯಾರು ಬೈಯುತ್ತಿದ್ದರು? ಅವಳಿಗೆ ಆಗ ಕಾಣುತ್ತಿದ್ದದ್ದು ಆ ಕೂಸಿನ ತುಟಿ ಒಂದೇ.

ದೊಡ್ಡ ರಸ್ತೆಯಲ್ಲಿ ಆಟೋ ಸಿಕ್ಕಿತು. ಚಾಲಕ ಅವಳ ಸೀರೆಯ ಮೇಲಿನ ರಕ್ತ ನೋಡಿ ಹೌಹಾರಿ, ಅದು ಯಾರದೆಂದು ಕೇಳಿದ. "ಖೂನ್ ಕಿಸ್ಕಾ ಹೈ ಅಮ್ಮಾ?"

"ಮೇರಾಚ್ ಹೈ. ತುಮ್ ಚಲಾವ್" ಎಂದಳು, ರಕ್ತ ತನ್ನದೇ, ನೀನು ಗಾಡಿ ನಡೆಸು ಎಂದು.

ಹುಡುಗಿಯನ್ನು ಮಲಗಿಸಲು ಕಮಲಾಕ್ಷಿ ಕೈ ಚಾಚಿದರೆ ಗುರುಬಾಯಿ ಬಿಡಲಿಲ್ಲ. ಎದೆಗೆ ಆನಿಸಿ ನೆಟ್ಟಗೆ ಕೂರಿಸಿಕೊಂಡು ಉಸಿರು ಎಣಿಸುತ್ತ ಬಂದಳು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಅರ್ಧ ದಾರಿಯಲ್ಲಿ ನಿಂತು ಹೊಗೆ ಬಿಡುತ್ತಿತ್ತು, ಹೊರಡುವ ಲಕ್ಷಣವಿರಲಿಲ್ಲ. ಗುರುಬಾಯಿ ಇಳಿದಳು. ಗೇಟಿನ ಕೆಳಗೆ ನುಸುಳಿ, ಎರಡು ಡಬ್ಬಿಗಳ ನಡುವಿನ ಕೊಂಡಿಯ ಮೇಲೆ ಹತ್ತಿ, ಗಾಡಿ ಅಲುಗಿದಾಗ ಕಬ್ಬಿಣಕ್ಕೆ ಜಜ್ಜಿದ ಕೈಯನ್ನೇ ಕೊಟ್ಟು, ಆಚೆ ಇಳಿದಳು. ಹಿಂದೆ ಬಂದ ಕಮಲಾಕ್ಷಿಯ ಮೊಣಕಾಲು ಕಲ್ಲಿಗೆ ಬಿದ್ದು ಒಡೆಯಿತು. ಆಚೆ ಇನ್ನೊಂದು ಆಟೋ ಹತ್ತಿದರು. ನಲ್ಲಕುಂಟಾ ಮುಟ್ಟುವ ಹೊತ್ತಿಗೆ ಹುಡುಗಿಯ ಕಣ್ಣು ಮೇಲೆ ಸಿಕ್ಕಿತ್ತು.

ಡಾಕ್ಟರು ಬಾಯಿ ಒಮ್ಮೆ ನೋಡಿದವರೇ ಮೇಜಿನ ಮೇಲೆ ಹಾಕಿಸಿದರು. ಪೊರೆ ಉಸಿರಿನ ದಾರಿ ಮುಚ್ಚಿಬಿಟ್ಟಿದೆ, ಗಂಟಲು ಕೊಯ್ದು ತೂತು ಮಾಡದೆ ಗತಿ ಇಲ್ಲ ಎಂದು ತೆಲುಗಿನಲ್ಲಿ ಹೇಳಿದರು. ಒಬ್ಬಳೇ ನರ್ಸಿದ್ದಳು, ಅವಳು ತಲೆ ಹಿಡಿಯಬೇಕಿತ್ತು. ಕೈ ಹಿಡಿಯುವವರು ಯಾರು? ಕಮಲಾಕ್ಷಿ ಚಾಕು ನೋಡಿಯೇ ಗೋಡೆ ಹಿಡಿದು ಕೂತಳು.

ಗುರುಬಾಯಿ ಮುಂದೆ ಬಂದಳು. ಇಪ್ಪತ್ತು ವರ್ಷದ ಹಿಂದೆ ಹಿಡಿದಂತೆಯೇ ಎರಡು ಪುಟ್ಟ ಕೈಗಳನ್ನು ಹಿಡಿದಳು. ಅವಳ ಬೆರಳಿನ ರಕ್ತ ಹುಡುಗಿಯ ಮಣಿಕಟ್ಟಿನ ಮೇಲೆ ಹರಿಯುತ್ತಿತ್ತು. ಚಾಕು ಗಂಟಲಿನ ಕುಳಿಯಲ್ಲಿ ಇಳಿಯಿತು. ರಕ್ತ ಚಿಮ್ಮಿತು. ಗುರುಬಾಯಿ ಈ ಸಲ ಕಣ್ಣು ಮುಚ್ಚಲಿಲ್ಲ. "ನನ್ನ ಕೈಯಾಗ ಇನ್ನೊಂದು ಬ್ಯಾಡಪ್ಪಾ ಶರಣಾ, ಇನ್ನೊಂದು ಬ್ಯಾಡ" ಎಂದು ಊರ ದೇವರನ್ನು ನೆನೆದು ಗೊಣಗುತ್ತಲೇ ಇದ್ದಳು. ಡಾಕ್ಟರು ಒಂದು ಸಣ್ಣ ನಳಿಕೆ ತೂರಿಸಿದರು. ಅದರೊಳಗಿಂದ ರಕ್ತ, ಕಫ ಎಲ್ಲ ಸೇರಿ ಕೊಳಕಾದ ಒಂದು ಸದ್ದು ಬಂತು. ಅದು ಉಸಿರು. ಹುಡುಗಿಯ ತುಟಿ ನಿಧಾನಕ್ಕೆ ಬಣ್ಣ ತಿರುಗಿದ್ದನ್ನು ನೋಡಿದ ಮೇಲೆ ಗುರುಬಾಯಿ ನೆಲಕ್ಕೆ ಬಿದ್ದಳು.

ಅಮೃತಪ್ಪ ಸೈಕಲ್ ತುಳಿದುಕೊಂಡು ಬಂದಾಗ ತಲೆಗೆ ಟವೆಲ್ ಸುತ್ತಿದ್ದ, ಅಂಗಿಯೆಲ್ಲ ರಕ್ತ. ಹುಡುಗಿಯ ಗಂಟಲಲ್ಲಿ ನಳಿಕೆ ನೋಡಿ, ಯಾರು ಮಾಡಿದ್ದು ಎಂದು ಮುಷ್ಟಿ ಬಿಗಿದು ಡಾಕ್ಟರ ಮೇಲೆಯೇ ಏರಿಹೋದ. ಡಾಕ್ಟರು ಹೆದರಲಿಲ್ಲ. ಇಂಥ ಕೂಸುಗಳನ್ನು ಹಳ್ಳಿ ಹೆಂಗಸರು ಬೆರಳು ಹಾಕಿ ಸಾಯಿಸಿದ ಮೇಲೆಯೇ ನನ್ನ ಹತ್ತಿರ ತರುವುದು ಎಂದರು. ನಿನ್ನ ಮಗಳಿಗೆ ಯಾರೋ ಪುಣ್ಯಾತ್ಮರು ಬೆರಳು ಹಾಕಲಿಲ್ಲ, ಹಾಕಿದ್ದರೆ ನಿನ್ನ ಮನೆಯ ನೆಲದ ಮೇಲೆಯೇ ಮುಗಿದಿತ್ತು ಎಂದೂ ಹೇಳಿದರು. ಅಮೃತಪ್ಪ ಮುಷ್ಟಿ ಬಿಡುವುದನ್ನೂ ಮರೆತು ನಿಂತ. ಪಕ್ಕದ ಬೆಂಚಿನ ಮೇಲೆ ಗುರುಬಾಯಿಯ ಕೈಗೆ ಬಟ್ಟೆ ಸುತ್ತುತ್ತಿದ್ದರು.

ಬೆರಳು ಉಳಿಯಲಿಲ್ಲ. ಬೇರೆ ದವಾಖಾನೆಗೆ ಕಳಿಸಿ ಎರಡನೇ ಗೆಣ್ಣಿನ ತನಕ ಕತ್ತರಿಸಿದರು. ನಡುಬೆರಳು ಸೆಟೆದು ಮಡಚಲು ಬಾರದಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಪೊಲೀಸು ಜವಾನ ಬಂದು ಏನಾಯಿತು ಎಂದು ಕೇಳಿದ. "ಕುಟ್ಟಾಣಿಯಾಗ ಸಿಕ್ತು" ಎಂದಳು. ಮಲ್ಲಣ್ಣ ಮನೆಯಲ್ಲಿ ಹಾರಾಡಿದ. ಕೇಸು ಹಾಕಲೇಬೇಕು, ಆ ನನ್ಮಗನನ್ನು ಜೇಲಿಗೆ ಕಳಿಸಲೇಬೇಕು ಎಂದ. ಗುರುಬಾಯಿ ಅವನನ್ನೂ ಬಿಡಲಿಲ್ಲ. "ಮಾಡಿದ್ದುಣ್ಣೋ ಅಂದ್ಯಲ್ಲ ಆ ಕೂಸಿಗೆ? ನಿನ್ನ ನಾಲಿಗಿಗೆ ಯಾವ ಕೇಸು ಹಾಕಲಿ?" ಎಂದಳು. ಮಲ್ಲಣ್ಣ ಎರಡು ದಿನ ಅವಳ ಮುಖ ನೋಡಲಿಲ್ಲ.

ಒಂದು ತಿಂಗಳ ಮೇಲೆ ಒಂದು ಭಾನುವಾರ ಅಮೃತಪ್ಪ ಬಾಗಿಲಿಗೆ ಬಂದ. ಮುಷ್ಟಿ ಬಿಚ್ಚಿದ. ಉಪ್ಪಿತ್ತು.

"ಗಂಟಲೇನು?" ಎಂದಳು ಗುರುಬಾಯಿ.

ಅಲ್ಲ ಎಂದು ತಲೆ ಆಡಿಸಿದ.

"ಮತ್ತ ಉಪ್ಪು ಯಾಕ ತಂದಿ?"

ಅವನು ಕಾಲಿಗೆ ಬೀಳಲು ಬಾಗಿದ. ಗುರುಬಾಯಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಕಾಲು ಮುಟ್ಟಬ್ಯಾಡ. ನಿನ್ನ ನಾ ಮಾಫ್ ಮಾಡಂಗಿಲ್ಲ, ಅದನ್ನ ಕೇಳಾಕ ಬಂದಿದ್ರ ತಿರುಗಿ ಹೋಗು. ಈ ಮನಿಯಾಗ ಎರಡು ಬಲಗೈ ಇದ್ದೂ, ಎರಡೂ ಮುರದಿ. ಚಳಿ ಇನ್ನೂ ಬಿಟ್ಟಿಲ್ಲ, ಸಾಲಿನ್ಯಾಗ ಎಲ್ಲರೂ ಕೆಮ್ಮಾಕತ್ಯಾರ. ಪುಡಿ ಕುಟ್ಟವರು ಯಾರು?" ಮೂಲೆಯ ಕಡೆ ಕೈ ತೋರಿಸಿದಳು. "ಕುಂದ್ರು. ಕುಟ್ಟು."

ಅಮೃತಪ್ಪ ಆ ರಾಡನ್ನು ಮುಟ್ಟಲು ಬಹಳ ಹೊತ್ತು ತೆಗೆದುಕೊಂಡ. ಆಮೇಲೆ ಕುಟ್ಟಿದ. ಹೋಗುವಾಗ ಗುರುಬಾಯಿ ಇನ್ನೊಂದು ಮಾತು ಹೇಳಿದಳು. "ಮಂದಾಕಿನಿಗೆ ಈ ಬಟ್ಟಿನ ಸಂಗತಿ ನಾ ಹೇಳಂಗಿಲ್ಲ, ನನ್ನ ಗಂಡಗೂ ಹೇಳಗೊಡಂಗಿಲ್ಲ. ಆಕಿ ಕೇಳಿದ ದಿನ ನೀನಽ ಹೇಳಬೇಕು. ಸುಳ್ಳು ಹೇಳಿದ್ಯೋ, ಈ ಬಾಗಿಲು ನಿನಗ ಮುಚ್ತೈತಿ."

ಅಂದಿನಿಂದ ಪ್ರತಿ ಭಾನುವಾರ ಬಂದ. ಫೋರ್ಮನ್ ಅನ್ನುವ ಬಿಂಕ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಕೂತು ಮೆಣಸು, ಶುಂಠಿ ಕುಟ್ಟಿದ. ಮೊದಮೊದಲು ಸಾಲಿನವರು ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದರು, ಗುರುಬಾಯಿ ನೀರು ಎರಚಿ ಓಡಿಸಿದಳು. ಮಲ್ಲಣ್ಣ ಒಂದು ವರ್ಷ ಗೋಡೆಗೆ ಮುಖ ಮಾಡಿ ಕೂತ. ಎರಡನೇ ವರ್ಷ, "ಮೆಣಸು ದಪ್ಪ ಉಳದಾವ, ನೋಡಿ ಕುಟ್ಟು" ಎಂದ. ಅವರಿಬ್ಬರ ನಡುವೆ ಮತ್ತೆ ಮಾತು ಆರಂಭವಾದದ್ದು ಹೀಗೆ. ಬೆರಳಿನ ವೈದ್ಯ ಆ ಸಾಲಿನಲ್ಲಿ ನಿಂತೇಹೋಯಿತು. ಗಂಟಲು ತೋರಿಸಲು ಬಂದವರ ಬಾಯನ್ನು ಗುರುಬಾಯಿ ಬೆಳಕಿಗೆ ಹಿಡಿದು ನೋಡುವಳು. ಪೊರೆ ಕಂಡರೆ, ಕಂಡಂತೆ ಅನುಮಾನ ಬಂದರೂ, ಬೈದು ದವಾಖಾನೆಗೆ ಅಟ್ಟುವಳು. ಉಳಿದವರಿಗೆ ಉಪ್ಪುನೀರು, ಕಷಾಯ.

ಮಂದಾಕಿನಿ ಬೆಳೆದಳು. ಗಂಟಲ ಕುಳಿಯಲ್ಲಿ ಬಟಾಣಿಯಷ್ಟು ಗಾಯದ ಗುರುತು ಉಳಿಯಿತು, ದನಿ ಸ್ವಲ್ಪ ಒಡಕಾಯಿತು. ಗುರುಬಾಯಿಯನ್ನು ಆಯಿ ಎಂದು ಕರೆಯುತ್ತ ಅವಳ ಮನೆಯಲ್ಲೇ ಹೆಚ್ಚು ಇರುತ್ತಿದ್ದಳು. ಭಾನುವಾರ ಅಪ್ಪನ ಜೊತೆ ಬಂದು ಪುಡಿಗೆ ಜರಡಿ ಹಿಡಿಯುವಳು. ಅವಳಿಗೆ ಹತ್ತು ತುಂಬಿದ ವರ್ಷ, ಎಳ್ಳು ಅಮಾವಾಸ್ಯೆಯ ಹಿಂದಿನ ಭಾನುವಾರ, ಜರಡಿ ನಿಲ್ಲಿಸಿ ಗುರುಬಾಯಿಯ ಮೋಟುಬೆರಳನ್ನು ಹಿಡಿದು ನೋಡಿದಳು.

"ಆಯಿ, ನನ್ನ ಗಂಟಲು ಡಾಕ್ಟರು ಕೊಯ್ದಾರ. ನಿನ್ನ ಬಟ್ಟು ಯಾರು ಕೊಯ್ದಾರ?"

ಕುಟ್ಟಾಣಿಯ ಸದ್ದು ನಿಂತಿತು. ಗುರುಬಾಯಿ ಮೊರದಲ್ಲಿನ ಕೊತ್ತಂಬರಿ ಬೀಜದಿಂದ ತಲೆ ಎತ್ತಲಿಲ್ಲ. ಮಲ್ಲಣ್ಣ ಏನೋ ಹೇಳಲು ಹೋದವನು ಹೆಂಡತಿಯ ಮುಖ ನೋಡಿ ಸುಮ್ಮನಾದ.

ಐದು ವರ್ಷದಿಂದ ಈ ಪ್ರಶ್ನೆಗೆ ಅಂಜುತ್ತಿದ್ದ ಮನುಷ್ಯ ಅಮೃತಪ್ಪ. ಬಾಗಿಲಿಗೆ ಸಿಕ್ಕಿಕೊಂಡಿತು, ಮಷೀನಿಗೆ ಹೋಯಿತು ಎಂದು ಹತ್ತು ಸುಳ್ಳುಗಳನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ. ಒಂದೂ ನಾಲಿಗೆಗೆ ಬರಲಿಲ್ಲ.

"ನಾನಽ ಮುರದೆ, ಅವ್ವಿ" ಎಂದ. "ಈ ರಾಡಿಲೇ. ನಿನ್ನ ಬಾಯಾಗ ಬಟ್ಟು ಹಾಕು ಅಂದೆ, ಆಕಿ ಹಾಕಲಿಲ್ಲ. ನಿನ್ನ ಉಳಸಾಕ ಹಾಕಲಿಲ್ಲ. ನನಗ ತಿಳೀಲಿಲ್ಲ. ಕುಟ್ಟಿಬಿಟ್ಟೆ."

ಹುಡುಗಿ ಅಪ್ಪನ ಕೈಯನ್ನೂ, ರಾಡನ್ನೂ, ಮೋಟುಬೆರಳನ್ನೂ ನೋಡಿದಳು. ಅವಳ ಕೈ ತನ್ನ ಗಂಟಲ ಗುರುತಿನ ಮೇಲೆ ಹೋಯಿತು. ಎದ್ದು ಹೋಗುತ್ತಾಳೆ ಎಂದುಕೊಂಡ ಅಮೃತಪ್ಪ. ಅವಳು ಎದ್ದು ಗುರುಬಾಯಿಯ ಬಗಲಿಗೆ ಬಂದು ಕೂತಳು.

"ಇವರ್ನ ಮಾಫ್ ಮಾಡೀ ಏನು ಆಯಿ?"

"ಇಲ್ಲ" ಎಂದಳು ಗುರುಬಾಯಿ.

"ಮತ್ತ ವಾರವಾರ ಯಾಕ ಬರಗೊಡ್ತಿ?"

"ಪುಡಿ ಕುಟ್ಟಾಕ."

ಅಮೃತಪ್ಪನ ಕೈಯಿಂದ ರಾಡು ಜಾರಿ ನೆಲದ ಮೇಲೆ ಉರುಳಿತ್ತು. ಐವತ್ತು ದಾಟಿದ ಆ ಗಂಡಸು ಹುಡುಗಿಯ ಮುಖ ನೋಡಲಾರದೆ ಸದ್ದಿಲ್ಲದೆ ಅಳುತ್ತಿದ್ದ. ಮಂದಾಕಿನಿ ಬಾಗಿ ರಾಡನ್ನು ಎತ್ತಿ, ಸೆರಗಿಲ್ಲದ ತನ್ನ ಲಂಗದ ಅಂಚಿನಲ್ಲಿ ಒರೆಸಿ, ಅವನ ಕೈಗೆ ಕೊಟ್ಟಳು.

"ಕುಟ್ರಿ ಅಪ್ಪಾ" ಎಂದಳು.

ಅಮೃತಪ್ಪ ಕುಟ್ಟಿದ. ಮಲ್ಲಣ್ಣ ತೀರಿದ ಮೇಲೂ, ಕಾರ್ಖಾನೆ ಬಾಗಿಲು ಹಾಕಿದ ಮೇಲೂ, ಗುರುಬಾಯಿ ಹಾಸಿಗೆ ಹಿಡಿದ ಕಡೆಯ ಚಳಿಗಾಲದ ತನಕವೂ ಪ್ರತಿ ಭಾನುವಾರ ಬಂದು ಕುಟ್ಟಿದ. ಅವಳು ಕಣ್ಣು ಮುಚ್ಚುವ ಮುಂಚೆ ಮಾಫ್ ಮಾಡಿದಳೇ ಎಂದು ಸಾಲಿನವರು ಮಂದಾಕಿನಿಯನ್ನು ಕೇಳಿದರು. ಇಲ್ಲ ಎಂದಳು ಮಂದಾಕಿನಿ. ಹಿಪ್ಪಲಿ ಇನ್ನೂ ಸ್ವಲ್ಪ ಸಣ್ಣಗಾಗಬೇಕು ಎಂದಳಂತೆ ಆಯಿ, ಅದೇ ಅವಳ ಕಡೆಯ ಮಾತು.